ಸಚಿವರ ಬೆನ್ನ ಹಿಂದಿನ ನಾಲ್ಕು ಸಾಲು

ಪತ್ರಿಕಾ ಕಚೇರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಸುದ್ದಿ ಕತ್ತರಿಸುತ್ತಿದ್ದವರನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ದಿನವೂ ಪತ್ರಿಕೆಯ ಸುದ್ದಿಗಳನ್ನು ಕತ್ತರಿಸಿ, ದಿನಾಂಕ ಬರೆದು, ವಿಷಯಕ್ಕೆ ತಕ್ಕ ಲಕೋಟೆಗೆ ಸೇರಿಸುವುದು ಅವರ ಕೆಲಸ. ಕುತೂಹಲ ಮಾತ್ರ ಯಾವ ಲಕೋಟೆಯಲ್ಲೂ ಹಿಡಿಸುವಂಥದ್ದಲ್ಲ. ಯಾವ ವರದಿಗಾರ ಸಿಕ್ಕರೂ, "ಇದನ್ನ ನಿನಗೆ ಹೇಳಿದ್ದು ಯಾರಪ್ಪ? ಅವರು ಕಣ್ಣಾರೆ ಕಂಡ್ರಾ?" ಎಂದು ಜೀವ ತಿನ್ನುತ್ತಿದ್ದರು. ಮೇಲ್ಮಹಡಿಯ ಟಿವಿ, ವೆಬ್‌ಸೈಟಿನವರು ಕೆಣಕಿದರೆ, "ರೇಡಿಯೊ ಕಿವಿಗೆ, ಟಿವಿ ಕಣ್ಣಿಗೆ, ಮೊಬೈಲು ಹೆಬ್ಬೆರಳಿಗೆ. ಕತ್ತರಿಗೆ ಸಿಗೋದು ನನ್ನ ಪೇಪರ್ ಒಂದೇ ಕಣ್ರೋ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ಮಧ್ಯಾಹ್ನ ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. ಶಾಲಾ ಬಸ್ಸಿನ ಚಾಲಕಿ, ಸಮವಸ್ತ್ರದಲ್ಲೇ ಇದ್ದಳು.

"ಇಪ್ಪತ್ತೆಂಟು ವರ್ಷದ ಹಿಂದೆ ನಮ್ಮಪ್ಪ ಗಿರಣಿ ಚಾವಣಿ ರಿಪೇರಿ ಮಾಡುವಾಗ ಬಿದ್ದು ತೀರಿಕೊಂಡ್ರಮ್ಮ. ಕುಡಿದು ಬಿದ್ರು ಅಂತ ಸಂಜೇನೇ ರೇಡಿಯೊದಲ್ಲಿ ಬಂತು. ಪೇಪರಲ್ಲಿ ಬೇರೆ ಥರ ಬಂದಿತ್ತಂತೆ. ನಮ್ಮನೇಲಿ ಆಗ ಓದೋರೇ ಇರಲಿಲ್ಲ. ಈಗ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಅವಳು ಕಣ್ಣು ಮುಚ್ಚೋದ್ರೊಳಗೆ ನಿಜ ಏನೂಂತ ಹೇಳ್ಬೇಕು."

ಅಕ್ಕನ ಕಿವಿ ನೆಟ್ಟಗಾಯಿತು. "ರೇಡಿಯೊದವರಿಗೆ ಹೇಳಿದ್ದು ಯಾರು?"

"ಗಿರಣಿಯವರೇ."

"ಹಾಗ್ ಹೇಳು ಮತ್ತೆ!"

ಅಪಘಾತಗಳ ಲಕೋಟೆಯಲ್ಲಿ ಅವಳು ಹೇಳಿದ ತಾರೀಕಿನ ಮರುದಿನದ ಚೂರೇ ಇರಲಿಲ್ಲ. ಹಳೆಯ ಪತ್ರಿಕೆಗಳ ಕಟ್ಟುಗಳು ಯಾವಾಗಲೋ ಗೆದ್ದಲಿಗೆ ಊಟವಾಗಿದ್ದವು. ಅಕ್ಕ ತಲೆ ಕೆರೆದುಕೊಂಡರು. ಅವರಿಗೆ ದಿನವೂ ಎರಡು ಪ್ರತಿ ಬರುತ್ತಿದ್ದವು, ಏಕೆಂದರೆ ಹಾಳೆಯ ಒಂದು ಮಗ್ಗುಲು ಕತ್ತರಿಸಿದರೆ ಇನ್ನೊಂದು ಮಗ್ಗುಲಿನ ಸುದ್ದಿ ಕೆಟ್ಟಂತೆಯೇ. ಒಂದೇ ಪ್ರತಿ ಬಂದ ದಿನ ಯಾವುದಾದರೂ ಒಂದನ್ನು ಆರಿಸಲೇಬೇಕು. ಆ ದಿನವೂ ಒಂದೇ ಪ್ರತಿ ಬಂದಿದ್ದರೆ ತಾನು ಯಾರನ್ನು ಆರಿಸಿದ್ದೆ? ದೊಡ್ಡವರನ್ನೇ ಇರಬೇಕು, ಇನ್ಯಾರನ್ನು! ಸಚಿವರ ದಪ್ಪ ಲಕೋಟೆಯನ್ನು ಮೇಜಿನ ಮೇಲೆ ಸುರುವಿ, ದಿನಾಂಕ ಹುಡುಕಿ, ಒಂದು ಉದ್ದದ ಭಾಷಣವನ್ನು ಮಗುಚಿದರು.

ಹಿಂದೆ ಗಿರಣಿಯ ಸುದ್ದಿ ಇತ್ತು. ಉಳಿದಿದ್ದು ನಾಲ್ಕೇ ಸಾಲು. ಸತ್ತವರ ಹೆಸರಿದ್ದ ಮೇಲಿನ ಸಾಲು ಕತ್ತರಿಯ ಪಾಲಾಗಿತ್ತು.

"ನನ್ನ ಕೈಯಾರೆ ಆಗಿದ್ದು ಕಣಮ್ಮ. ತಪ್ಪಾಯ್ತು," ಎಂದರು ಅಕ್ಕ. ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಮಗಳಿಗೆ ಅದು ಕೇಳಿಸಲೇ ಇಲ್ಲ. ಬೆರಳಿಟ್ಟು ಓದುತ್ತಿದ್ದಳು: "...ಹಲಗೆ ಮುರಿದು, ಕೆಳಗೆ ಬಿದ್ದು ಮೃತಪಟ್ಟರು. ಅವರು ಕುಡಿದಿದ್ದರೆಂದು ಗಿರಣಿಯ ಆಡಳಿತ ಹೇಳಿದೆ. ಕುಡಿದಿರಲಿಲ್ಲ, ಹಲಗೆಯೇ ಹುಳುಕಾಗಿತ್ತು ಎಂದು ಜೊತೆಗಿದ್ದ ಇಬ್ಬರು ಕೆಲಸಗಾರರು ನಮ್ಮ ವರದಿಗಾರರಿಗೆ ತಿಳಿಸಿದರು."

ಎರಡು ಸಲ ಓದಿದಳು.

ಯಾರೋ ಒಬ್ಬ ವರದಿಗಾರ ಗಿರಣಿಯವರ ಮಾತಿಗೇ ನಿಲ್ಲದೆ ಆ ಇಬ್ಬರನ್ನು ಹುಡುಕಿ ಕೇಳಿದ್ದ. ಯಾರಿರಬಹುದು? ಸುದ್ದಿಯ ಕೆಳಗೆ ಅವನ ಹೆಸರೂ ಇರಲಿಲ್ಲ, ಅಕ್ಕನಿಗೆ ಅದೊಂದು ಹುಳ ತಲೆಯಲ್ಲಿ ಉಳಿಯಿತು.

ಮಗಳು ಅಮ್ಮನಿಗೆ ತೋರಿಸಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಕಣ್ಣೊರೆಸಿಕೊಂಡಳು. ಅಕ್ಕ ಹೊಸ ಲಕೋಟೆಯೊಂದನ್ನು ಎಳೆದುಕೊಂಡರು.

"ಅಪ್ಪನ ಹೆಸರು ಹೇಳಮ್ಮ."

ಅವಳು ಹೇಳಿದಳು. ಅಕ್ಕ ಅದನ್ನು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಸಚಿವರ ಭಾಷಣ ಒಳಮಗ್ಗುಲಿಗೆ ಹೋಗುವಂತೆ ಚೂರನ್ನು ಮಡಚಿ, ಒಳಗಿಟ್ಟರು.