ಕತ್ತರಿ ಮುದ್ರೆ ಹುಡುಕಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬ್ಯಾಡಗಿಯ ಪೇಟೆಯಲ್ಲಿ ನನ್ನದೊಂದು ರಬ್ಬರ್ ಸ್ಟ್ಯಾಂಪಿನ ಅಂಗಡಿ ಇದೆ. ಒಂದು ಅಕ್ಷರ ಕೂದಲೆಳೆಯಷ್ಟು ಸೊಟ್ಟಗಾದರೂ ಇಡೀ ಮುದ್ರೆಯನ್ನು ಬುಟ್ಟಿಗೆ ಎಸೆದು ಹೊಸದು ಮಾಡುತ್ತೇನೆ. ಗಿರಾಕಿಗಳು ಇದನ್ನು ಹೊಗಳುತ್ತಾರೆ. ಮನೆಯವರು ಹೊಗಳುವುದಿಲ್ಲ.

ನನ್ನ ದೋಸ್ತ ಟೇಲರ್. ಮನೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ, ಸೂಜಿ ಬೆರಳಿಗೆ ಚುಚ್ಚಿದಾಗ ಎರಡೂ. ಮೂವತ್ತು ವರ್ಷ ಮಧ್ಯಾಹ್ನದ ಚಹಾ ಒಟ್ಟಿಗೇ ಕುಡಿದವರು ನಾವು. ಒಂದು ದಿನ ಊರ ಹೊರಗಿನ ಗಿರಾಕಿಯೊಬ್ಬರು ಎಲೆಯ ಚಿತ್ರದ ಮುದ್ರೆ ಮಾಡಿಸಲು ಬಂದರು. ಯಾವ ಆಫೀಸಿಗೆ ಎಂದು ಕೇಳಿದರೆ, ಆಟಕ್ಕೆ ಎಂದರು. ಗುಡ್ಡದಲ್ಲೋ ಹೊಳೆದಂಡೆಯಲ್ಲೋ ಒಂದು ಡಬ್ಬಿ ಬಚ್ಚಿಡಬೇಕು, ಒಳಗೊಂದು ಮುದ್ರೆ, ಒಂದು ಪುಸ್ತಕ, ಮಸಿಯ ಪ್ಯಾಡು. ದಾರಿಯ ಸುಳಿವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಹುಡುಕಿದವನು ಡಬ್ಬಿಯ ಮುದ್ರೆಯನ್ನು ತನ್ನ ಪುಸ್ತಕದಲ್ಲಿ ಒತ್ತಿಕೊಂಡು, ತನ್ನ ಮುದ್ರೆಯನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ, ಎಲ್ಲವನ್ನೂ ಇದ್ದಲ್ಲೇ ಇಟ್ಟು ಬರಬೇಕು. ಇಷ್ಟೇ ಆಟ.

ಅರವತ್ತು ದಾಟಿದ ಇಬ್ಬರಿಗೂ ಹುಚ್ಚು ಹಿಡಿಯಿತು. ನನಗೆ ಚಿಗರಿ ಜಿಂಕೆಯ ಮುದ್ರೆ ಕೊರೆದುಕೊಂಡೆ, ಅವನಿಗೆ ಕತ್ತರಿಯದು. ಐತವಾರ ಬಂತೆಂದರೆ ಒಂದು ವಾರ ಕುಮಾರಪಟ್ಟಣದ ಹೊಳೆದಂಡೆ, ಇನ್ನೊಂದು ವಾರ ರಾಣೆಬೆನ್ನೂರಿನ ಕಡೆಯ ಕುರುಚಲು ಕಾಡಿನ ಅಂಚು. ಒಬ್ಬ ಬಚ್ಚಿಡುವುದು, ಇನ್ನೊಬ್ಬ ಹುಡುಕುವುದು. ನಮ್ಮ ಹೆಂಡಂದಿರು ನಕ್ಕು ನಕ್ಕು ಸಾಕಾಗಿ ಸುಮ್ಮನಾದರು.

ಹೊಸರಿತ್ತಿಯ ಕಡೆ ಹೋದ ದಿನ ಎಲ್ಲ ಕೆಟ್ಟಿತು. ಸಂಜೆಯವರೆಗೂ ಸಿಗದಂತೆ ನಾನು ಬಚ್ಚಿಟ್ಟಿದ್ದ ಡಬ್ಬಿಯನ್ನು ಅವನು ಅರ್ಧ ತಾಸಿನಲ್ಲಿ ಹಿಡಿದುಕೊಂಡು ಬಂದ. ದನ ಕಾಯುವವನನ್ನು ಕೇಳಿದೆ ಎಂದು ತಾನೇ ಹೇಳಿದ. ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ ನಾನು, "ಮೋಸಗಾರ ಅದೀ ನೀ. ನಿನ್ನ ಕತ್ತರಿ ಸಿಕ್ಕಾ ಹೊಳಿಗೆ ಒಗಿ," ಎಂದು ಒದರಿಬಿಟ್ಟೆ. ಅವನು ನನ್ನನ್ನೇ ನೋಡಿದ. "ಆಟ ಐತೋ ದೋಸ್ತ, ಕೋರ್ಟ್ ಅಲ್ಲ," ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಅಂದಿನಿಂದ ಚಹಾ ಬೇರೆಯಾಯಿತು.

ಮೂರು ತಿಂಗಳು ಒಣಜಂಬದಲ್ಲಿ ಕಳೆದೆ. ಆಮೇಲೆ ತಡೆಯಲಾಗಲಿಲ್ಲ. ಹೋಗಿ ತಪ್ಪಾಯಿತು ಅನ್ನಲಿಕ್ಕೆ ಬಾಯಿ ಬರಲಿಲ್ಲ, ಅದಕ್ಕೇ ಒಂದು ಉಪಾಯ ಹೂಡಿದೆ. ಮೋಟೆಬೆನ್ನೂರಿನ ಆಚೆಯ ಒಂದು ಕಲ್ಲುಗುಡ್ಡದ ನೆತ್ತಿಯಲ್ಲಿ ಹೊಸ ಡಬ್ಬಿ ಇಟ್ಟೆ. ಪುಸ್ತಕದ ಮೊದಲ ಹಾಳೆಯಲ್ಲಿ ಕ್ಷಮೆ ಕೇಳಿ ಬರೆದೆ. ನಾಲ್ಕು ಸಾಲಿನ ಸುಳಿವಿನ ಚೀಟಿಯನ್ನು ಮುಂಜಾನೆಯೇ ಹೋಗಿ ಅವನ ಅಂಗಡಿಯ ಶಟರಿನ ಕೆಳಗೆ ತೂರಿಸಿ ಬಂದೆ. ಉತ್ತರ ಬರಲಿಲ್ಲ. ಬಂದದ್ದು ಅವನ ಸಾವಿನ ಸುದ್ದಿ. ಎದೆನೋವು, ಬುಧವಾರ, ಹೊಲಿಗೆ ಯಂತ್ರದ ಮೇಲೆಯೇ. ಮಣ್ಣಿಗೆ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದೆ. ಹಾಕುವಾಗ ಇದ್ದದ್ದು ಒಂದೇ ಪ್ರಶ್ನೆ: ಅವನು ನನ್ನ ಕ್ಷಮೆಯ ಹಾಳೆಯನ್ನು ಓದಿದನೋ ಇಲ್ಲವೋ? ಗುಡ್ಡಕ್ಕೆ ಹೋಗಿ ನೋಡಬಹುದಿತ್ತು. ಅಂಜಿಕೆಯಾಗಿ ಹೋಗಲಿಲ್ಲ.

ಭಾಬಿ, ಅಂದರೆ ಅವನ ಹೆಂಡತಿ, ಗಂಡ ತೀರಿದ ಮೇಲೆ ಪಾಲಿಸುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಬೀಳಲಿಲ್ಲ. ಅದು ಮುಗಿದ ಮೇಲೆ ಮೊದಲು ಬಂದದ್ದು ನನ್ನ ಅಂಗಡಿಗೆ. ಕೈಯಲ್ಲಿ ನನ್ನದೇ ಚೀಟಿ.

"ಅಂಗಿ ಕಿಸೇದಾಗ ಇತ್ರಿ ಅಣ್ಣಾರ. ಇದೇನು ಅಂತ ತಿಳೀಲಿಲ್ಲ."

ಚೀಟಿಯ ಮೊದಲ ಎರಡು ಸಾಲುಗಳ ಮುಂದೆ ಬಟ್ಟೆಗೆ ಗುರುತು ಮಾಡುವ ನೀಲಿ ಸೀಮೆಸುಣ್ಣದ ಗೀಟು ಇತ್ತು. ಅವನು ಹೊರಟಿದ್ದ! ಮೂರನೆಯ, ನಾಲ್ಕನೆಯ ಸಾಲಿಗೆ ಗೀಟಿರಲಿಲ್ಲ. ಅಲ್ಲಿಂದ ಮುಂದೆ ಹೋಗಿದ್ದನೇ, ಗೀಟು ಹಾಕುವುದನ್ನು ಮರೆತಿದ್ದನೇ? ಭಾಬಿಯನ್ನು ಕೂರಿಸಿದೆ. ಎಲ್ಲವನ್ನೂ ಹೇಳಿಕೊಂಡೆ. ಹಾಳೆಯಲ್ಲಿ ಏನು ಬರೆದಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ನಾನೂ ಬರ್ತೇನ್ರಿ," ಎಂದರು ಭಾಬಿ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಹೋದೆವು. ಮಳೆ ಒಂದೆರಡು ಬಿದ್ದು ಹೊಲಗಳಲ್ಲಿ ಬಿತ್ತನೆ ನಡೆದಿತ್ತು. ದಾರಿಯಲ್ಲಿ ಭಾಬಿ ತಾವಾಗಿಯೇ ಮಾತು ತೆಗೆದರು. "ಅವರಿಗೆ ದಮ್ಮು ವರ್ಷದಿಂದ ಇತ್ರಿ. ನಾಕ್ ಹೆಜ್ಜಿ ಏರು ಬಂದ್ರ ನಿಲ್ತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು. ಹೇಳಿದ್ರ ನೀವು ಐತವಾರ ಕರಿಯೂದು ಬಿಡ್ತೀರಿ ಅಂತ."

ಹೊಸರಿತ್ತಿಯಲ್ಲಿ ಅವನು ಯಾಕೆ ದನಗಾಹಿಯನ್ನು ಕೇಳಿದ ಎಂಬುದು ನನಗೆ ಆಟೋದಲ್ಲಿ ಕುಳಿತು ಗೊತ್ತಾಯಿತು. ಥೂ ನನ್ನ ಜನ್ಮಕ್ಕೆ. ಅವತ್ತು ಅವನು ಏದುಸಿರು ಬಿಡುತ್ತಿದ್ದುದನ್ನು ಕಂಡೂ, ಗೆದ್ದ ಖುಷಿಗೆ ಓಡಿ ಬಂದಿದ್ದಾನೆ ಎಂದುಕೊಂಡಿದ್ದೆ.

ಸುಳಿವಿನ ಮೊದಲ ಸಾಲು ಮೂರು ಬೇವಿನ ಗಿಡ, ಎರಡನೆಯದು ಆನೆ ಕುಂತಂತಿರುವ ಬಂಡೆ. ಭಾಬಿಗೆ ಮೊಣಕಾಲು ನೋವು, ಬಂಡೆಯ ಹತ್ತಿರವೇ ಕುಳಿತರು. ಚೀಲದಿಂದ ಕತ್ತರಿ ಮುದ್ರೆಯನ್ನು ತೆಗೆದು ಕೊಟ್ಟರು. "ಅವರು ಒತ್ತಿದ್ದು ಇತ್ತಂದ್ರ ಇದಕ್ಕ ತಾಳೆ ಹಾಕಿ ನೋಡ್ರಿ," ಎಂದರು. ನಾನು ಕಿಸೆಗೆ ಹಾಕಿಕೊಂಡು ಹತ್ತಿದೆ.

ಡಬ್ಬಿ ಇಟ್ಟಲ್ಲೇ ಇತ್ತು. ಮುಚ್ಚಳ ತೆಗೆದು ಪುಸ್ತಕ ಬಿಡಿಸಿದೆ. ಮೊದಲ ಹಾಳೆಯಲ್ಲಿ ನನ್ನ ಬರಹ. ಎರಡನೆಯದನ್ನು ತಿರುವಿದರೆ ಹಾಳೆಯ ತುಂಬ ಹೆಬ್ಬೆಟ್ಟು! ಮೂರನೆಯದರಲ್ಲೂ ಹೆಬ್ಬೆಟ್ಟು, ನಾಲ್ಕನೆಯದರಲ್ಲೂ ಹೆಬ್ಬೆಟ್ಟು, ಸಾಲು ಸಾಲಾಗಿ, ಒಪ್ಪವಾಗಿ. ನಾನು ಕಣ್ಣು ಕಿರಿದು ಮಾಡಿ ಅವುಗಳ ನಡುವೆ ಕತ್ತರಿಯನ್ನು ಹುಡುಕುತ್ತಿದ್ದಾಗ ಹಿಂದಿನಿಂದ ಜೋರು ದನಿ ಬಂತು.

"ಯಾರ್ರಿ ಅದು ಸರ್ಕಾರದ ಡಬ್ಬಿಗೆ ಕೈ ಹಾಕಿದವರು?"

ಆಡು ಕಾಯುವ ಹೆಂಗಸು, ನಡುವಯಸ್ಸಿನವಳು, ಕೈಯಲ್ಲಿ ಕೋಲು. ಡಬ್ಬಿ ನನ್ನದೇ ಎಂದು ನಂಬಿಸುವಷ್ಟರಲ್ಲಿ ಸಾಕುಬೇಕಾಯಿತು. ಪುಸ್ತಕ, ಮಸಿ, ಮುದ್ರೆ ಮೂರೂ ಇದ್ದದ್ದರಿಂದ ಅವರು ನಾಲ್ಕೈದು ಜನ ಹೆಂಗಸರು ಅದನ್ನು ಸರ್ಕಾರಿ ಕೂಲಿ ಕೆಲಸದ ಹಾಜರಿ ಪುಸ್ತಕ ಎಂದು ತಿಳಿದಿದ್ದರಂತೆ. "ಮುಂದ ಕೂಲಿ ಬಂದಾಗ ಹಾಜರಿ ಇಲ್ಲ ಅಂದ್ರ ಏನ್ ಮಾಡೂದ್ರಿ? ಮ್ಯಾಲ ಬಂದಾಗೊಮ್ಮೆ ಒತ್ತೇವಿ," ಎಂದಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇದನ್ನು ಕೇಳಿ ನನಗಿಂತ ಹೆಚ್ಚು ನಗಬೇಕಾದವನೇ ಈಗ ಇರಲಿಲ್ಲ.

"ಟೊಪಗಿ ಹಾಕ್ಕೊಂಡ ಸಾಬರು ಯಾರರ ಬಂದಿದ್ರೇನವಾ ಇಲ್ಲಿ?" ಎಂದೆ.

"ಬಂದಿದ್ರಲ್ರಿ! ಹಸಿ ಜೋಳದ ಸೀತನಿ ತಿನ್ನೂ ದಿನದಾಗ. ಆ ಆನಿಕಲ್ಲಿನ ಕಡೆ ಎದಿ ಹಿಡಕೊಂಡು ಕುಂತಿದ್ರು, ಪಾಪ. ನೀರು ಕೊಟ್ನಿ. ಮ್ಯಾಲ ಹತ್ತಬೇಕು ಅಂದ್ರು. ಡಬ್ಬಿ ನೋಡಾಕ ಬಂದೀರೇನ್ರಿ, ತಡೀರಿ, ಒಂದ್ ಓಟಕ್ಕ ತಂದು ಕೊಡ್ತೇನಿ ಅಂದ್ನಿ."

"ಕೊಟ್ಟೇನ?"

"ಎಲ್ಲಿ ಕೊಡೂದ್ರಿ, ಕೈ ಮುಗದು ಬ್ಯಾಡ ಅಂದ್ರು. ನೀ ತಂದ್ರ ನನ್ನ ದೋಸ್ತ ಒಪ್ಪಾಂಗಿಲ್ಲವಾ, ಬರೂ ಐತವಾರ ಬಂದು ನಾನ ಹತ್ತತೇನಿ ಅಂತ ಇಳದು ಹೋದ್ರು. ತಿರುಗಿ ಬರಲಿಲ್ಲ ನೋಡ್ರಿ."

ಆ ಐತವಾರಕ್ಕೆ ಮೊದಲು ಬುಧವಾರ ಬಂದಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಆ ಹೆಂಗಸಿನ ಮುಂದೆ ನಾಚಿಕೆಯೂ ಇಲ್ಲದೆ ಅತ್ತೆ. ಕಿಸೆಯಲ್ಲಿ ಮುದ್ರೆ ಇತ್ತು, ಪ್ಯಾಡಿನಲ್ಲಿ ಮಸಿ ಇತ್ತು. ಹೆಬ್ಬೆಟ್ಟುಗಳ ನಡುವೆ ಒಂದು ಕತ್ತರಿ ಒತ್ತಿ ಭಾಬಿಗೆ ತೋರಿಸಿದ್ದರೆ ಅವರಿಗಾದರೂ ಸಮಾಧಾನವಾಗುತ್ತಿತ್ತು. ಕೈ ಬರಲಿಲ್ಲ. ಪುಸ್ತಕ ಹಿಡಿದುಕೊಂಡು ಕೆಳಗಿಳಿದೆ.

ಭಾಬಿ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಹೆಂಗಸು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಏನ್ ಬರದಿದ್ರಿ ಅದರಾಗ? ಓದ್ರಿ," ಎಂದರು.

ಓದಿದೆ. "ದೋಸ್ತ, ನಂದ ತಪ್ಪಾತು. ನಿನಗ ಮೋಸಗಾರ ಅಂದ ನನ್ನ ಬಾಯಿಗೆ ಹುಳ ಬೀಳ್ಲಿ. ಮನಸಿನಾಗ ಇಟಗೋಬ್ಯಾಡ. ಅಂಗಡಿಗೆ ಬಾ."

"ಇಷ್ಟ ಏನ್ರಿ?"

"ಇಷ್ಟ ಭಾಬಿ."

ಅವರು ಪುಸ್ತಕವನ್ನು ಇಸಿದುಕೊಂಡು ಆ ಹಾಳೆಯ ಮೇಲೆ ಕೈಯಾಡಿಸಿದರು.

"ಇದನ್ನ ಮನಿಗೆ ಬಂದು ಬಾಯಿಲೇ ಹೇಳಾಕ ಬರ್ತಿರಲಿಲ್ಲೇನ್ರಿ ಅಣ್ಣಾರ?"

ಸಿಟ್ಟಿನಿಂದ ಕೇಳಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ. ಅವರು ಖರೇನೇ ತಿಳಿದುಕೊಳ್ಳಬೇಕೆಂದು ಕೇಳಿದ್ದರು, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.