ಏಕಾದಶಿಯ ಜ್ಯೂಸ್

ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಇವರ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ಒತ್ತಿ ನೋಡಿದೆ. ಬೆರಳಿನ ಗುಂಡಿ ಹಾಗೇ ಉಳಿಯಿತು. ನಮ್ಮೂರು ಮಕ್ತಲ್‌ನಿಂದ ರಾಯಚೂರಿಗೆ ಕರೆದುಕೊಂಡು ಹೋಗಿ ಬ್ಲಡ್ ಟೆಸ್ಟ್ ಮಾಡಿಸಿದೆವು.

ಕಿಡ್ನಿ.

ಊಟದಲ್ಲಿ ಕಟ್ಟುನಿಟ್ಟಾಗಿದ್ದರೆ ಡಯಾಲಿಸಿಸ್ ಮುಂದೂಡಬಹುದು ಎಂದರು ಡಾಕ್ಟರು. ಉಪ್ಪು ಕಡಿಮೆ, ಬೇಳೆ ಕಡಿಮೆ, ಪೊಟ್ಯಾಸಿಯಂ ಇರುತ್ತದೆಂದು ಹಣ್ಣೂ ಕಡಿಮೆ. ಕಾನ್ವೆಂಟಿನಲ್ಲಿ ಕಲಿತ ನನಗೆ ಡಿಸಿಪ್ಲಿನ್ ಹೊಸದೇನಲ್ಲ. ತಟ್ಟೆಯ ಮೇಲೆ ಕಣ್ಣಿಟ್ಟು ಕೂರುತ್ತಿದ್ದೆ.

"ಬಡಸೂ ಮುಂದ ನಿನ್ನ ಮುಖಾ ನೋಡ್ಬೇಕು, ಜಪ್ತಿಗೆ ಬಂದ ತಹಸೀಲ್ದಾರ ಇದ್ದಂಗ ಇರ್ತದ," ಎಂದು ಇವರು ಹಂಗಿಸುತ್ತಿದ್ದರು.

ಏಕಾದಶಿ ಮಾತ್ರ ಈ ಪಥ್ಯದೊಳಗೆ ಬರಲೇ ಇಲ್ಲ. ಅಂದು ನಮ್ಮಲ್ಲಿ ಅನ್ನಕ್ಕೆ ಇಡುವುದಿಲ್ಲ. ಮೊದಲೆಲ್ಲ ಇವರು ಹನಿ ನೀರೂ ಮುಟ್ಟುತ್ತಿರಲಿಲ್ಲ. ವಯಸ್ಸಾಯಿತು, ಬರೀ ಹೊಟ್ಟೆಯಲ್ಲಿ ಗುಳಿಗೆ ಹೇಗೆ ಎಂದು ಮಗಳು ಸುಧಾ ಎಲೆಕ್ಟ್ರಿಕ್ ಜ್ಯೂಸರ್ ತಂದುಕೊಟ್ಟಳು. ಅದನ್ನು ಮಡಿಯಲ್ಲಿಟ್ಟೆ. ಬೇರೆಯವರು ಮುಟ್ಟುವಂತಿಲ್ಲ, ತೊಳೆಯುವುದೂ ನಾನೇ. ಮೂರು ಹೊತ್ತು ಮೋಸಂಬಿ, ದಾಳಿಂಬೆ. ಹಣ್ಣು ಹಾಕಿ ಮೇಲಿನಿಂದ ಒತ್ತಿದರೆ ಒಂದು ಕಡೆ ರಸ, ಇನ್ನೊಂದು ಕಡೆ ನಾರು. ಉಪವಾಸದ ದಿನ ಗಂಟಲಿಗಿಳಿದದ್ದನ್ನು ಊಟ ಎಂದು ಕರೆಯುವ ರೂಢಿ ನಮ್ಮ ಮನೆತನದಲ್ಲೇ ಇಲ್ಲ.

ಆ ಏಕಾದಶಿಯ ಸಂಜೆ ಇವರು ಲೋಟ ಕೆಳಗಿಟ್ಟು ಏಳಲು ಹೋದರು.

ಏಳಲಾಗಲಿಲ್ಲ.

"ಕಾಲು ನನ್ನವಲ್ಲ ಅನಸ್ಲಿಕ್ಕತ್ತದ, ನೋಡು."

ಮತ್ತೆ ರಾಯಚೂರು. ಇಸಿಜಿ, ಇಂಜೆಕ್ಷನ್, ಐಸಿಯು. ಪೊಟ್ಯಾಸಿಯಂ ತೀರಾ ಹೈ ಆಗಿದೆ, ಹಾರ್ಟ್ ನಿಂತುಬಿಡಬಹುದು ಎಂದರು ಡಾಕ್ಟರು.

"ಇವತ್ತ ಏನ್ ತಿಂದಾರ್ರೀ, ಅಜ್ಜಿ?"

"ನಥಿಂಗ್, ಡಾಕ್ಟರ್. ಹಿ ವಾಸ್ ಫಾಸ್ಟಿಂಗ್."

ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದಂತೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟೆ. ಸುಳ್ಳು ಹೇಳಿದೆ ಎಂದು ನನಗೆ ಅನಿಸಲೇ ಇಲ್ಲ. ಡಾಕ್ಟರ ಮುಖ ಇನ್ನಷ್ಟು ಬಿಗಿಯಾಯಿತು. ಏನೂ ತಿನ್ನದೆ ಇಷ್ಟು ಏರಿದ್ದರೆ ಕಿಡ್ನಿ ಪೂರ್ತಿ ಕೈಬಿಟ್ಟಂತೆಯೇ, ಡಯಾಲಿಸಿಸ್ ಇನ್ನು ಕಾಯಂ ಆಗಬಹುದು ಎಂದರು.

ಬೆಳಿಗ್ಗೆ ಸುಧಾಳನ್ನು ಅಲ್ಲಿ ಕೂರಿಸಿ, ಇವರ ಬಟ್ಟೆ ತರಲು ಬಸ್ಸು ಹತ್ತಿದೆ. ಕೃಷ್ಣೆಯ ಸೇತುವೆ ದಾಟುವಾಗ ಕೈ ಮುಗಿಯುವುದೂ ಮರೆತಿತ್ತು. ಬಾಗಿಲು ತೆಗೆದರೆ ಹುಳಿ ವಾಸನೆ. ಜ್ಯೂಸರ್ ಹಾಗೇ ಬಿದ್ದಿತ್ತು. ಎಂಥ ಅವಸರದಲ್ಲೂ ತೊಳೆಯದ ಪಾತ್ರೆ ಬಿಟ್ಟು ಹೋಗುವ ಅಭ್ಯಾಸವಿಲ್ಲ ನನಗೆ. ಪ್ಲಗ್ ಕಿತ್ತು, ಬಿಚ್ಚಿ, ನಲ್ಲಿಯ ಕೆಳಗೆ ಹಿಡಿದೆ. ಜಾಲರಿಯ ಸಣ್ಣ ತೂತುಗಳಲ್ಲಿ ನಾರು ಒಣಗಿ ಅಂಟಿತ್ತು. ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೋಳು ನೋಯಿತು. ಆಮೇಲೆ ನಾರು ಬೀಳುವ ಡಬ್ಬಿಯನ್ನು ಹರಿವಾಣಕ್ಕೆ ಬೋರಲು ಹಾಕಿದೆ.

ಹರಿವಾಣ ತುಂಬಿತು.

ರಸ ಲೋಟದಲ್ಲಿದ್ದಾಗ ಅದು ಎಷ್ಟು ಹಣ್ಣು ಎಂದು ಕಣ್ಣಿಗೆ ಕಂಡಿರಲಿಲ್ಲ. ಒದ್ದೆ ಕೈಯಲ್ಲೇ ಫೋನ್ ಮಾಡಿದೆ.

"ಸುಧಾ, ಡಾಕ್ಟರಿಗೆ ಹೇಳು. ನಿನ್ನೆ ನಿಮ್ಮಪ್ಪ ತಿಂದಾರ."

"ಏನ್ ತಿಂದಾರಮ್ಮಾ? ಏಕಾದಶಿ ಇತ್ತಲ್ಲ!"

"ಒಂದು ಬುಟ್ಟಿ ಹಣ್ಣು ತಿಂದಾರ."

ಫೋನಿನಲ್ಲಿ ಆಕೆ ಓಡುವ ಸಪ್ಪಳ ಕೇಳಿಸಿತು.

ಪೊಟ್ಯಾಸಿಯಂ ಮೆಲ್ಲಗೆ ಇಳಿಯಿತು. ಏರಿದ್ದು ಹಣ್ಣಿನ ರಸದಿಂದ, ಡಯಾಲಿಸಿಸ್ ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಇನ್ನೂ ಜಾಸ್ತಿಯೇ ಇದೆ. ರಾತ್ರಿ ಇವರ ಉಸಿರು ಕೇಳಿಸಿಕೊಂಡೇ ಮಲಗುತ್ತೇನೆ.

ಮೊನ್ನೆ ಮತ್ತೆ ಏಕಾದಶಿ ಬಂತು. ನೀರೂ ಇಲ್ಲದೆ ಇದ್ದುಬಿಡುತ್ತೇನೆ ಎಂದು ಹಟ ಹಿಡಿದಾರು ಎಂಬ ಹೆದರಿಕೆ ನನಗೆ. ಡಾಕ್ಟರು ಒಪ್ಪಿದಷ್ಟೇ ಸೇಬಿನ ಹೋಳುಗಳನ್ನು ತೆಳ್ಳಗೆ ಕತ್ತರಿಸಿ ಮುಂದಿಟ್ಟೆ. ಬಹಳ ಹೊತ್ತು ನೋಡುತ್ತಾ ಕೂತರು. ಆಮೇಲೆ ಒಂದೊಂದಾಗಿ, ಚೆನ್ನಾಗಿ ಅಗಿದು ನುಂಗಿದರು. ಗೋಡೆ ಹಿಡಿದು ಎದ್ದು ಕೈ ತೊಳೆದು ಬಂದರು.

"ಊಟಾತು," ಎಂದರು.

ಏಕಾದಶಿಯ ದಿನ ಆ ಮಾತನ್ನು ಇವರ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.