ಖಲೀಲ್ ಸರ್‌ಗೆ ನೆನಪಾಗದ ಹುಡುಗ

ಸ್ಕೂಟರ್ ದಾರಿಯಲ್ಲಿ ಕೈಕೊಡಬಹುದಿತ್ತು. ಅದಕ್ಕೇ ಬಸ್ಸಿನಲ್ಲಿ ಹೋದೆ. ಬಸ್ಸೂ ಕೆಟ್ಟು ನಿಲ್ಲಬಹುದಿತ್ತು. ಅದಕ್ಕೇ ಬೇಗ ಹೊರಟೆ. ಮೈಕು ಕಿರುಚಬಹುದಿತ್ತು. ಭಾಷಣದ ನಡುವೆ ಮೊಬೈಲಿನ ಚಾರ್ಜ್ ಮುಗಿಯಬಹುದಿತ್ತು (ಪವರ್ ಬ್ಯಾಂಕ್ ಒಯ್ದಿದ್ದೆ, ಅದರ ಕೇಬಲ್ ಕೈಕೊಟ್ಟರೆ ಅಂತ ಇನ್ನೊಂದು ಕೇಬಲ್ಲೂ). ಮೈಸೂರು ಪೇಟ ಜಾರಿ ಮೇಷ್ಟ್ರ ಕಣ್ಣಿಗೆ ಇಳಿಯಬಹುದಿತ್ತು. ಉಪ್ಪಿಟ್ಟು ಖಾಲಿಯಾಗಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ, ಯಾರಾದರೂ ಎದ್ದು ನಿಂತು, "ಇದು ನೀನು ಬರ್ದಿದ್ದಲ್ಲ ಮಾರಾಯ, ಎಐ ಬರ್ದಿದ್ದು" ಅಂದುಬಿಡಬಹುದಿತ್ತು.

ಒಂದೂ ಆಗಲಿಲ್ಲ. ಉಪ್ಪಿಟ್ಟು ಮಿಕ್ಕಿತು ಕೂಡ.

ಭದ್ರಾವತಿಯ ಕಾಗದನಗರದಲ್ಲಿ ನಮಗೆ ಗಣಿತ ಕಲಿಸಿದ ಖಲೀಲ್ ಸರ್‌ಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸನ್ಮಾನ ಇಟ್ಟುಕೊಂಡಿದ್ದೆವು. ಪೇಪರಿನಲ್ಲಿ ಬರೆಯೋನು ಅಂತ ಅಭಿನಂದನಾ ಭಾಷಣವನ್ನು ನನ್ನ ತಲೆಗೆ ಕಟ್ಟಿದರು.

ಖಲೀಲ್ ಸರ್ ಹಾಜರಿ ಪುಸ್ತಕ ತೆರೆದಿದ್ದನ್ನು ನಾವ್ಯಾರೂ ನೋಡಿಲ್ಲ. ಎಲ್ಲರ ಹೆಸರೂ ಬಾಯಲ್ಲಿ. ಹೆಸರಷ್ಟೇ ಅಲ್ಲ, ಕಾಗದದ ಫ್ಯಾಕ್ಟರಿಗೆ ಹೋಗುತ್ತಿದ್ದ ನಮ್ಮ ಅಪ್ಪಂದಿರ ಸೆಕ್ಷನ್ನು, ಶಿಫ್ಟು, ಎಲ್ಲವೂ. "ಪ್ರಕಾಶ, ನಿಮ್ಮಪ್ಪಂದು ಈ ವಾರ ನೈಟ್ ಶಿಫ್ಟು. ಹಗಲು ಮನೇಲಿ ಗಲಾಟೆ ಮಾಡ್ಬೇಡ" ಅನ್ನುತ್ತಿದ್ದರು. ಕೇಳುತ್ತಿರಲಿಲ್ಲ, ಹೇಳುತ್ತಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೂ ನೈಟ್ ಶಿಫ್ಟ್ ಮನೆಗಳ ಮಕ್ಕಳನ್ನು ಮೈದಾನದಲ್ಲಿ ಉಳಿಸಿಕೊಳ್ಳುತ್ತಿದ್ದರು. ಯಾಕೆ? ಆ ಪುಟ್ಟ ಕ್ವಾರ್ಟರ್ಸುಗಳಲ್ಲಿ ನಮ್ಮ ಅಪ್ಪಂದಿರು ಸ್ವಲ್ಪ ಹೊತ್ತು ನಿದ್ದೆ ಮಾಡಲಿ ಅಂತ.

ಇಷ್ಟೆಲ್ಲ ಗೊತ್ತಿದ್ದ ನಾನು ಚಾಟ್‌ಬಾಟ್‌ಗೆ ಟೈಪ್ ಮಾಡಿದ್ದೇನು ಗೊತ್ತೇ? "ನಿವೃತ್ತ ಗಣಿತ ಶಿಕ್ಷಕರ ಸನ್ಮಾನಕ್ಕೆ ಭಾಷಣ ಬೇಕು. ಹೃದಯಸ್ಪರ್ಶಿಯಾಗಿರಲಿ. ಕಣ್ಣೀರು ತರಿಸುವ ಒಂದು ಘಟನೆ ಇರಲಿ."

ಅಷ್ಟೇ. ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳುವಾಗಲೂ ಇದಕ್ಕಿಂತ ಹೆಚ್ಚು ವಿವರ ಕೊಡುತ್ತೇನೆ (ಬೆಣ್ಣೆ ಬೇಡ, ಕೆಂಪು ಚಟ್ನಿ ಕಮ್ಮಿ, ಎಣ್ಣೆ ಕಂಡರೆ ವಾಪಸ್).

ಕೇಳಿದ್ದನ್ನು ಅದು ಕೊಟ್ಟಿತು. ಹಸಿವಿನಿಂದ ತರಗತಿಯಲ್ಲೇ ಕುಸಿದು ಬಿದ್ದ ಒಬ್ಬ ಹುಡುಗ. ತಮ್ಮ ಊಟದ ಡಬ್ಬಿಯನ್ನು ಅವನಿಗೆ ಕೊಟ್ಟು, ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಿಟ್ಟುಬಂದ ಮೇಷ್ಟ್ರು. ಓದಿ ನನ್ನ ಕಣ್ಣೇ ತುಂಬಿತು. ಕೊನೆಯಲ್ಲಿ ಒಂದು ಸಾಲು: "ಇದು ಮಾದರಿ ಘಟನೆ. ನಿಮ್ಮ ನಿಜವಾದ ನೆನಪನ್ನು ಇಲ್ಲಿ ಸೇರಿಸಿಕೊಳ್ಳಿ."

ಆ ಸಾಲನ್ನು ಅಳಿಸಿದೆ. ಗಡಿಬಿಡಿಯಲ್ಲಿ ಅದನ್ನೂ ಓದಿಬಿಟ್ಟರೆ ಎಂಬ ಭಯ. ಪೂರ್ತಿ ಚಾಟನ್ನೂ ಡಿಲೀಟ್ ಮಾಡಿದೆ. ಬಸ್ಸಿನಲ್ಲಿ ಪಕ್ಕದವರು ಇಣುಕಿದರೆ ಎಂಬ ಭಯ. ಎಲ್ಲದಕ್ಕೂ ಹೆದರುವ ನನಗೆ ಹೆದರಬೇಕಾದ ಒಂದು ವಿಷಯಕ್ಕೆ ಮಾತ್ರ ಹೆದರಿಕೆಯಾಗಲಿಲ್ಲ. ಖಲೀಲ್ ಸರ್ ಅಂಥವರೇ ಅಲ್ಲವೇ, ಇಂಥದ್ದೊಂದು ನಡೆದೇ ಇರುತ್ತದೆ ಬಿಡು, ಅಂದುಕೊಂಡೆ.

ಜೋರು ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಖಲೀಲ್ ಸರ್ ಮಾತ್ರ, ಬೋರ್ಡಿನ ಮೇಲೆ ತಾಳೆಯಾಗದ ಲೆಕ್ಕವೊಂದನ್ನು ನೋಡುವವರಂತೆ ನನ್ನನ್ನೇ ನೋಡುತ್ತಿದ್ದರು. ಉಪ್ಪಿಟ್ಟಿನ ಹೊತ್ತಿಗೆ ಹತ್ತಿರ ಕರೆದರು.

"ಆ ಹುಡುಗ ಯಾರೋ ಪ್ರಕಾಶ?"

"ಹೆಸರು ಮರ್ತೋಗಿದೆ ಸರ್."

"ನಿಮ್ ಕ್ಲಾಸಿನೋನಾ?"

"ಬೇರೆ ಸೆಕ್ಷನ್ ಇರ್ಬೇಕು ಸರ್."

"ನಂಗೂ ನೆನಪಾಗ್ತಿಲ್ವಲ್ಲೋ" ಅಂದರು. ತಟ್ಟೆಯನ್ನು ಮುಟ್ಟಲೇ ಇಲ್ಲ.

ಆಗಲೇ ಹೇಳಬಹುದಿತ್ತು. ಒಂದು ನಿಮಿಷದ ಅವಮಾನ, ಅಷ್ಟೇ. ಹೇಳಲಿಲ್ಲ. ಬಸ್ಸು ತಪ್ಪಿಹೋದೀತು ಅಂತ ಎದ್ದುಬಂದೆ.

ಕೆಲವು ದಿನ ಕಳೆದು ದುರ್ಗಿಗುಡಿಯ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಸರ್ ಮಗಳು ನಸೀಮಾ ಫೋನ್ ಮಾಡಿದಳು.

"ಅಣ್ಣ, ಅಬ್ಬಾ ಹಳೇ ಗ್ರೂಪ್ ಫೋಟೋ ಎಲ್ಲಾ ಹರ್ಡ್ಕೊಂಡು ಕೂತಿದಾರೆ. ಎಲ್ಲರ ಹೆಸರೂ ಹೇಳ್ತಾರೆ, ನೀವು ಹೇಳಿದ ಆ ಹುಡುಗ ಮಾತ್ರ ಸಿಕ್ತಿಲ್ವಂತೆ. ಅವರಣ್ಣಂಗೆ ಕೊನೆಗೆ ಹೆತ್ತ ಮಕ್ಕಳ ಗುರ್ತೂ ಸಿಗ್ತಿರ್ಲಿಲ್ಲ ನೋಡಿ, 'ನಂಗೂ ಶುರುವಾಯ್ತು ಕಣೇ' ಅಂತಾರೆ. ಸರಿಯಾಗಿ ಊಟನೂ ಮಾಡ್ತಿಲ್ಲ. ಅವ್ನ ಹೆಸರೊಂದು ಹೇಳ್ಬಿಡಿ ಅಣ್ಣ."

ಯಾರ ಹೆಸರು ಹೇಳಲಿ?

ಆ ದರಿದ್ರ ಆ್ಯಪ್‌ನಿಂದ ಹೀಗಾಯಿತು ಅಂತ ಹೆಂಡತಿಯ ಮುಂದೆ ಹಾರಾಡಿದೆ. ಸುಮ ಶಾಂತವಾಗಿ ಕೇಳಿದಳು: "ಸರ್ ಬಗ್ಗೆ ಅದಕ್ಕೆ ಒಂದು ವಿಷಯನಾದ್ರೂ ಹೇಳಿದ್ರಾ?"

"ಇಲ್ಲ."

"ಮತ್ತೆ? ಅದೇನು ಕಾಗದನಗರದಲ್ಲಿ ಹುಟ್ಟಿತ್ತಾ?"

ಮತ್ತೆ ಭದ್ರಾವತಿ ಬಸ್ಸು ಹತ್ತಿದೆ. ಸರಿಯಾಗಿ ಕೇಳಿದ್ದರೆ ಏನು ಬರುತ್ತಿತ್ತೋ ನೋಡೋಣ ಅಂತ ಕೂತು ಹೊಸದಾಗಿ ಟೈಪ್ ಮಾಡಿದೆ. ಶಿಫ್ಟಿನ ವಿಷಯ, ಶನಿವಾರದ ಮೈದಾನದ ವಿಷಯ ಎಲ್ಲ ಬರೆದೆ. "ನಾನು ಹೇಳಿದ್ದನ್ನಷ್ಟೇ ಬಳಸು. ಘಟನೆ ಕಟ್ಟಬೇಡ. ವಿವರ ಸಾಲದಿದ್ದರೆ ನನ್ನನ್ನೇ ಕೇಳು" ಅಂತ ಕೊನೆಗೆ ಸೇರಿಸಿದೆ. ಕೇಳಿತು! "ಶನಿವಾರ ಆ ಮಕ್ಕಳಿಗೆ ಮೈದಾನದಲ್ಲಿ ಏನು ಮಾಡಿಸುತ್ತಿದ್ದರು?"

ಮರದ ನೆರಳು ಅಳೆಸುತ್ತಿದ್ದರು. ಹತ್ತದೆಯೇ ಮರದ ಎತ್ತರ ಕಂಡುಹಿಡಿಯುವುದು ಹೇಗೆ ಅಂತ. ಎಷ್ಟೋ ವರ್ಷದಿಂದ ನೆನೆಯದ ಸಂಗತಿ, ಬಸ್ಸಿನ ಕಿಟಕಿ ಪಕ್ಕ ಎದ್ದು ಬಂತು. ನಾಲ್ಕು ಸಾಲು ಸರಿಯಾಗಿ ಬರೆದು ಕೇಳಿದ್ದರೆ ಸನ್ಮಾನದ ದಿನ ಸರ್‌ಗೆ ಅವರದೇ ನೆರಳು, ಅವರದೇ ಮರ ಸಿಗುತ್ತಿತ್ತು. ನಾನು ಯಾರದೋ ಹಸಿದ ಹುಡುಗನನ್ನು ತಂದು ಅವರ ಹೆಗಲಿಗೆ ಹೊರಿಸಿದೆ.

ಮನೆಯಲ್ಲಿ ಸರ್ ಫೋಟೋಗಳ ನಡುವೆ ಕೂತಿದ್ದರು. ಎಲ್ಲ ಹೇಳಿಕೊಂಡೆ. ಅವರು ನಕ್ಕುಬಿಟ್ಟರು.

"ನನ್ ಸಮಾಧಾನಕ್ಕೆ ಹೇಳ್ತಿದೀಯ, ಬಿಡೋ. ಚಿಕ್ಕೋನಿದ್ದಾಗ್ಲೂ ಹಿಂಗೇ. ಯಾರೋ ಕಿಟಕಿ ಗಾಜು ಒಡೆದ್ರೆ 'ನಾನೇ ಸರ್' ಅಂತ ಎದ್ದು ನಿಲ್ತಿದ್ದೆ."

ತೋರಿಸೋಣ ಅಂದರೆ ಚಾಟ್ ಎಲ್ಲಿದೆ? ಬೇರೆ ದಾರಿ ಕಾಣದೆ ಅವರ ಎದುರಿಗೇ ಆ ಹಳೇ ದರಿದ್ರ ಪ್ರಾಂಪ್ಟನ್ನು ಮತ್ತೆ ಟೈಪ್ ಮಾಡಿದೆ. ಈ ಸಲ ಬೇರೆ ಹುಡುಗ, ಬೇರೆ ಕಣ್ಣೀರು. ನಸೀಮಾ ಗಟ್ಟಿಯಾಗಿ ಓದಿದಳು. ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ವಿದ್ಯಾರ್ಥಿಯನ್ನು ಮೇಷ್ಟ್ರು ತಮ್ಮ ಸೈಕಲ್ಲಿನಲ್ಲಿ ಕೂರಿಸಿಕೊಂಡು...

"ಸೈಕಲ್ಲಾ?" ಖಲೀಲ್ ಸರ್ ನೆಟ್ಟಗೆ ಕೂತರು. "ನಂಗೆ ಸೈಕಲ್ಲೇ ಬರಲ್ವಲ್ಲೇ!"

"ಕಲಿಯಕ್ಕೋಗಿ ಚರಂಡಿಗೆ ಬಿದ್ದು ಅಮ್ಮಿ ಹತ್ರ ಬೈಸ್ಕೊಂಡಿದ್ರಲ್ಲ ಅಬ್ಬಾ!" ನಸೀಮಾ ನಗತೊಡಗಿದಳು. ಅವರೂ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. "ಎಂಥಾ ಸುಳ್ಳುಬುರುಕನ್ನ ಸಾಕಿದೀಯೋ ಮಾರಾಯ!" ಫೋಟೋಗಳು ಕವರಿನೊಳಗೆ ಹೋದವು. ಟೀ ಬಂತು. ಬಿಸ್ಕತ್ತನ್ನೂ ತಿಂದರು.

ಎಲ್ಲ ಸರಿಹೋಯಿತು ಅಂತ ಹೊರಟೆ. ಗೇಟಿನವರೆಗೂ ಬಂದರು. ಹೆಗಲ ಮೇಲೆ ಕೈಯಿಟ್ಟು, "ನಿಮ್ಮಪ್ಪ ಫಿನಿಶಿಂಗ್ ಸೆಕ್ಷನ್ನಲ್ಲಿದ್ರು" ಅಂದರು. ಸರಿಯಾಗೇ ಹೇಳಿದರು. ಆಮೇಲೆ ತಡೆದು, ನನ್ನ ಮುಖ ನೋಡಿ, ಮೊದಲ ಸಲ ಕೇಳಿದರು:

"ಅಲ್ವೇನೋ?"